ಸ್ಪೀಕರಿಗೆ ಮುಂಚೆ ನಡುಮನೆ



ನಿಮ್ಮ ಪತ್ರ ತಲುಪಿತು. ಒಳಗೆ ಮಡಿಸಿಟ್ಟಿದ್ದ ಕೊಟೇಷನ್ನನ್ನೂ ನೋಡಿದೆ. ಇಂದಿರಾನಗರದ ಅಂಗಡಿಯವರು ಬರೆದುಕೊಟ್ಟ 7.2.4 ಎಂಬ ಅಂಕಿಯ ಕೆಳಗೆ ನೀವೇ ಎರಡು ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀರಿ. ಮೊದಲು ಆ ಚಿಹ್ನೆಗೇ ಉತ್ತರ. ಕಿವಿಯ ಮಟ್ಟದಲ್ಲಿ ಸುತ್ತಲೂ ಏಳು ಸ್ಪೀಕರ್, ಗುಡುಗಿಗೆ ಎರಡು ಸಬ್‌ವೂಫರ್, ತಲೆಯ ಮೇಲೆ ನಾಲ್ಕು, ಒಟ್ಟು 13 ಪೆಟ್ಟಿಗೆ. ನಿಮ್ಮ ನಡುಮನೆಯೋ 15 ಅಡಿ ಉದ್ದ, 12 ಅಡಿ ಅಗಲ. ಅದರಲ್ಲೇ ಸೋಫಾ, ದೇವರಮನೆಯ ಬಾಗಿಲು, ಅಮ್ಮನವರ ಬೆತ್ತದ ಕುರ್ಚಿ, ಮಹಡಿಗೆ ಹತ್ತುವ ಮೆಟ್ಟಿಲು. ಬೇಡ ಮಾರಾಯ್ರೆ. ಪೆಟ್ಟಿಗೆಗಳ ಸಂಖ್ಯೆ ಇಳಿಸಿ, ಗುಣ ಏರಿಸಿ, ಉಳಿದ ದುಡ್ಡನ್ನು ನಡುಮನೆಗೆ ಹಾಕಿ. ಸಲಹೆ ಇಷ್ಟೇ. ಯಾಕೆ ಅನ್ನುವುದಕ್ಕೆ ಮಾತ್ರ ಇನ್ನೂ ಸ್ವಲ್ಪ ಕಾಗದ ಬೇಕು.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಹಲಸೂರಿನಲ್ಲಿ ಬೆಳೆದವರಿಗೆ ಥಿಯೇಟರಿನ ಶಬ್ದದ ಹುಚ್ಚು ಹಿಡಿಯದಿದ್ದರೇ ಆಶ್ಚರ್ಯ. ಟ್ರಿನಿಟಿ ಸರ್ಕಲ್ ಕಡೆಗೆ ನಡೆದರೆ ಲಿಡೋ, ಎಂ.ಜಿ. ರಸ್ತೆ ಹಿಡಿದರೆ ಪ್ಲಾಜಾ, ಬ್ರಿಗೇಡ್ ರಸ್ತೆಗೆ ತಿರುಗಿದರೆ ರೆಕ್ಸ್, ರೆಸಿಡೆನ್ಸಿ ರಸ್ತೆಯಲ್ಲಿ ಗ್ಯಾಲಕ್ಸಿ. ಇಷ್ಟು ಥಿಯೇಟರುಗಳು ಕಾಲ್ನಡಿಗೆಯಲ್ಲೇ ಸಿಗುತ್ತಿದ್ದ ಬಡಾವಣೆ ಬೆಂಗಳೂರಿನಲ್ಲಿ ಎಷ್ಟಿದ್ದವು? 1936ರ ಪ್ಲಾಜಾ ಮೆಟ್ರೊಗೆ ಜಾಗ ಬಿಟ್ಟುಕೊಟ್ಟಿತು. ಲಿಡೋ ಇದ್ದಲ್ಲಿ ಮಾಲ್ ಎದ್ದಿದೆ. ರೆಕ್ಸ್ 2018ರ ಡಿಸೆಂಬರ್ 31ರಂದು ಬಾಗಿಲು ಹಾಕಿತು. ಮಲ್ಟಿಪ್ಲೆಕ್ಸಿನಲ್ಲಿ ನಾಲ್ವರ ಟಿಕೆಟ್ಟು, ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಕೂಡಿಸಿದವರು ಥಿಯೇಟರನ್ನೇ ಮನೆಗೆ ತರೋಣ ಅನ್ನುತ್ತಾರೆ. ತರಬಹುದು. ಆದರೆ ಆ ಹಳೆಯ ಹಾಲುಗಳ ಶಬ್ದದಲ್ಲಿ ಸ್ಪೀಕರಿನ ಪಾಲು ಅರ್ಧ, ಕಟ್ಟಡದ ಪಾಲು ಅರ್ಧ. ಮೆತ್ತನೆ ಸೀಟು, ದಪ್ಪ ಪರದೆ, ನೂರಾರು ಜನರ ಮೈಬಟ್ಟೆ, ಅಲೆ ಓಡಾಡಲು ಬೇಕಾದಷ್ಟು ಜಾಗ. ಅಂಗಡಿಯವರು ಮೊದಲ ಅರ್ಧವನ್ನು ಮಾತ್ರ ಮಾರುತ್ತಾರೆ.

ನಿಮ್ಮ ನಡುಮನೆಯ ವಿವರ ಓದುತ್ತಿದ್ದಂತೆ ಅದು ಕಣ್ಣಿಗೆ ಕಟ್ಟಿತು. ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಗಳಲ್ಲಿ ಇನ್ನೂ ಉಳಿದಿರುವ ಮನೆಗಳ ತರಹ: ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ, ಒಂದು ಪಕ್ಕ ನೆರೆಯವರ ಜೊತೆ ಹಂಚಿಕೊಂಡ ಗೋಡೆ, ಮೇಲೆ ಮದ್ರಾಸ್ ತಾರಸಿ. ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಸದ್ದಿನ ಹಿಂದೆಯೇ ‘ಟರ್ರ್’ ಎಂದು ಒಂದು ಬಾಲ ಬಂದರೆ, ಎಷ್ಟು ಲಕ್ಷದ ಸ್ಪೀಕರ್ ತಂದರೂ ಅದರ ಪ್ರತಿ ಮಾತಿಗೂ ಅದೇ ಬಾಲ ಅಂಟಿಕೊಳ್ಳುತ್ತದೆ. ಇದಕ್ಕೆ ಮದ್ದು ದುಬಾರಿಯಲ್ಲ. ಕಿಟಕಿಗೆ ನೆರಿಗೆ ಹೆಚ್ಚಿರುವ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕದ ಬೀರು, ಸೋಫಾದ ಮುಂದೆ ನವಲಗುಂದದ ಜಮಖಾನ, ಅದರ ಕೆಳಗೊಂದು ದಪ್ಪ ಫೆಲ್ಟ್. ಜಮಖಾನ ಒಂದೇ ಆದರೆ ತೆಳುವಾಯಿತು, ಮೇಲುಸ್ವರದ ಚುರುಕನ್ನಷ್ಟೇ ತಗ್ಗಿಸುತ್ತದೆ. ಗೋಡೆಗೆ ಮೊಟ್ಟೆ ಟ್ರೇ, ಥರ್ಮೋಕೋಲ್ ಅಂಟಿಸುವ ವಿದ್ಯೆಯನ್ನು ಯಾರಾದರೂ ಹೇಳಿಕೊಟ್ಟರೆ ನಕ್ಕು ಬಿಟ್ಟುಬಿಡಿ. ಅದರಿಂದ ಜಿರಲೆಗೆ ಮಾತ್ರ ಲಾಭ.

ಕೆಳಸ್ವರದ ಕಥೆ ಬೇರೆ. ಎರಡು ಗೋಡೆಗಳ ಅಂತರ ಒಂದು ಅಲೆಯ ಅರ್ಧದಷ್ಟಿದ್ದರೆ ಆ ಅಲೆ ಅಲ್ಲೇ ಸಿಕ್ಕಿಕೊಂಡು ಬೆಳೆಯುತ್ತದೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದ ಹಾಗೆ. ನಿಮ್ಮ 15 ಅಡಿಯ ಉದ್ದಕ್ಕೆ ಅದು ಸುಮಾರು 38 ಹರ್ಟ್ಸ್. 12 ಅಡಿಯ ಅಗಲಕ್ಕೆ ಸುಮಾರು 47 ಹರ್ಟ್ಸ್. ತೊಂದರೆ ಇರುವುದು ಮುಂದೆ. ನಿಮ್ಮ ಸೂರಿನ ಎತ್ತರವೂ 12 ಅಡಿ. ಅಂದರೆ ಅದೇ 47 ಹರ್ಟ್ಸ್ ಅಡ್ಡಕ್ಕೂ ಬೆಳೆಯುತ್ತದೆ, ಮೇಲಕ್ಕೂ ಬೆಳೆಯುತ್ತದೆ. ಬೇಸ್ ಗಿಟಾರಿನ ಕೆಳತಂತಿಯ ಒಂದೆರಡು ಸ್ವರ ಬಂದಾಗ ಇಡೀ ಮನೆ ‘ಬೂಂ’ ಅನ್ನುತ್ತದೆ, ಪಕ್ಕದ ಸ್ವರ ಬಂದಾಗ ಸುಮ್ಮನಿರುತ್ತದೆ. ಅಂಗಡಿಯಲ್ಲಿ ಇಂಪಾಗಿ ಕೇಳಿದ್ದು ಮನೆಯಲ್ಲಿ ಗೊರಗೊರ ಅನ್ನಲು ಬಹಳ ಸಲ ಇದೇ ಕಾರಣ. ಜನ ಅದಕ್ಕೆ ಸಬ್‌ವೂಫರನ್ನು ಬೈದು ಇನ್ನೂ ದೊಡ್ಡದನ್ನು ತರುತ್ತಾರೆ!

ದೊಡ್ಡದು ಬೇಡ, ಜಾಗ ಹುಡುಕಿ. ಸ್ವಲ್ಪ ತಮಾಷೆಯಾಗಿ ಕಾಣುವ ಒಂದು ಉಪಾಯವಿದೆ, ಆದರೆ ಕೆಲಸ ಮಾಡುತ್ತದೆ. ಸಬ್‌ವೂಫರನ್ನೇ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲಿ ಇಟ್ಟು ಬೇಸ್ ಇರುವ ಹಾಡು ಹಾಕಿ. ಆಮೇಲೆ ಮಂಡಿಯೂರಿ ಗೋಡೆಗುಂಟ ತೆವಳಿಕೊಂಡು ಹೋಗಿ. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಮುಂದೊಮ್ಮೆ ದುಡ್ಡು ಕೂಡಿದರೆ ದೊಡ್ಡದೊಂದರ ಬದಲು ಚಿಕ್ಕದಿನ್ನೊಂದನ್ನು ತಂದು ಬೇರೆ ಜಾಗದಲ್ಲಿಡಿ. ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಆ ಕೊಟೇಷನ್ನಿನಲ್ಲಿ ‘.2’ ಎಂದಿರುವುದರಲ್ಲಿ ಅಷ್ಟು ಸತ್ಯವಿದೆ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ 3 ಅಡಿ ಮುಂದಕ್ಕೆ ಎಳೆಯಿರಿ. ಗೋಡೆಯ ಬುಡದಲ್ಲಿ ಬೇಸ್ ಯಾವಾಗಲೂ ಊದಿಕೊಂಡಿರುತ್ತದೆ.

ಇನ್ನು ತಲೆಯ ಮೇಲಿನ ನಾಲ್ಕು ಸ್ಪೀಕರ್. ಡಾಲ್ಬಿ ಅಟ್ಮಾಸ್ ಥಿಯೇಟರಿಗೆ ಬಂದದ್ದು 2012ರಲ್ಲಿ, ಪಿಕ್ಸಾರ್‌ನ ‘ಬ್ರೇವ್’ ಚಿತ್ರದ ಜೊತೆ. ಮಳೆ ನಿಜವಾಗಿ ಮೇಲಿಂದ ಸುರಿದಂತೆ ಕೇಳಿಸುವ ವಿದ್ಯೆ ಅದು. ನನಗೂ ಇಷ್ಟವೇ. ಮನೆಗೆ ಅದನ್ನು ಅಗ್ಗವಾಗಿ ತರಲು ಸೂರಿನತ್ತ ಮುಖಮಾಡಿದ ಸ್ಪೀಕರ್ ಮಾರುತ್ತಾರೆ. ಸದ್ದು ಸೂರಿಗೆ ಬಡಿದು ಕೆಳಗಿಳಿಯಬೇಕು. ಇದಕ್ಕೆ ಸಪಾಟಾದ, ಗಟ್ಟಿಯಾದ, ಏಳೂವರೆಯಿಂದ 12 ಅಡಿ ಎತ್ತರದ ಸೂರು ಬೇಕು ಎಂದು ಡಾಲ್ಬಿಯವರೇ ಹೇಳುತ್ತಾರೆ. ನಿಮ್ಮದು ಮದ್ರಾಸ್ ತಾರಸಿ: ಸಾಲಾಗಿ ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಸುಣ್ಣದ ಗಾರೆ. ಸದ್ದು ತೊಲೆಗಳ ನಡುವೆ ಬಡಿದು ಚೂರಾಗುತ್ತದೆ, ಮಳೆ ಎಲ್ಲಿ ಸುರಿಯಿತೆಂದೇ ತಿಳಿಯುವುದಿಲ್ಲ. ಹಾಗಂತ ಸೂರಿಗೆ ಡ್ರಿಲ್ ಹಾಕಿಸಿ ಸ್ಪೀಕರ್ ನೇತುಹಾಕಲು ಹೊರಡಬೇಡಿ. ಆ ಗಾರೆ ಒಮ್ಮೆ ಅಲುಗಿದರೆ ಮುಂದಿನ ಮಳೆಗಾಲದಲ್ಲಿ ಅಟ್ಮಾಸ್ ಇಲ್ಲದೆಯೇ ಮೇಲಿಂದ ನೀರು ಬರುತ್ತದೆ. ಬೇಕೇ ಬೇಕೆನಿಸಿದರೆ ಟಿ.ವಿ. ಇರುವ ಗೋಡೆಯ ಮೇಲುಭಾಗದಲ್ಲಿ ಎರಡು ಚಿಕ್ಕ ಸ್ಪೀಕರನ್ನು ಕೆಳಮುಖವಾಗಿ ವಾಲಿಸಿ ಹಾಕಬಹುದು, ಈಗಿನ ರಿಸೀವರುಗಳು (ಸ್ಪೀಕರುಗಳಿಗೆಲ್ಲ ಶಬ್ದ ಹಂಚುವ ಪೆಟ್ಟಿಗೆಗಳು) ಅದನ್ನು ಒಪ್ಪುತ್ತವೆ. ಅದೂ ಈ ವರ್ಷ ಬೇಡ. ತಂತಿ ಮಾತ್ರ ಈಗಲೇ ಎಳೆಸಿಡಿ.

ನಿಮ್ಮ ಪತ್ರದ ಅತಿ ಮುಖ್ಯ ವಾಕ್ಯವನ್ನು ನೀವು ಕೊನೆಯಲ್ಲಿ, ಹೆಚ್ಚೂಕಡಿಮೆ ಗೊಣಗಿದಂತೆ ಬರೆದಿದ್ದೀರಿ: “ಅಮ್ಮ ಸಿನಿಮಾ ಪೂರ್ತಿ ‘ಏನಂದ? ಏನಂದ?’ ಅಂತ ಕೇಳ್ತಾ ಇರ್ತಾರೆ.” ನಾನಾಗಿದ್ದರೆ ಪತ್ರವನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ. ತೆಳ್ಳಗಿನ ಟಿ.ವಿ.ಗಳ ಸ್ಪೀಕರ್ ಬೆನ್ನಿಗೋ ಹೊಟ್ಟೆಗೋ ಇರುತ್ತದೆ, ಮಾತು ಗೋಡೆಗೆ ಬಡಿದು ನಮ್ಮ ಕಡೆ ಬರುತ್ತದೆ. ಸಿನಿಮಾದ ಮಾತಿನ ಬಹುಪಾಲು ನಡುವಿನ ಚಾನೆಲ್ಲಿನಲ್ಲಿರುತ್ತದೆ. ಅದಕ್ಕೇ ಪ್ಯಾಕೇಜಿನಲ್ಲಿ ಜನ ಕಡೆಗಣಿಸುವ ಸೆಂಟರ್ ಸ್ಪೀಕರ್ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಎಡ, ನಡು, ಬಲ, ಈ ಮೂರೂ ಒಂದೇ ಕಂಪನಿಯ ಒಂದೇ ಸರಣಿಯದ್ದಾಗಿರಲಿ. ಇಲ್ಲದಿದ್ದರೆ ಪಾತ್ರ ತೆರೆಯ ಎಡದಿಂದ ಬಲಕ್ಕೆ ನಡೆದಾಗ ದನಿಯೇ ಬದಲಾದಂತಿರುತ್ತದೆ. ಸೆಂಟರನ್ನು ಟಿ.ವಿ. ಸ್ಟ್ಯಾಂಡಿನ ಖಾನೆಯೊಳಗೆ ತುರುಕಬೇಡಿ. ಅಂಚಿಗೆ ತಂದು, ಮೂತಿಯನ್ನು ಅಮ್ಮನವರ ಕಿವಿಯತ್ತ ಸ್ವಲ್ಪ ಎತ್ತಿ. ಎಡಬಲದವು ಒಂದಕ್ಕೊಂದು 8 ಅಡಿ ದೂರ, ನೀವು ಅವುಗಳಿಂದ 9 ಅಡಿ ದೂರ ಇದ್ದರೆ ನಿಮ್ಮ ನಡುಮನೆಗೆ ಲೆಕ್ಕ ಸರಿಹೋಗುತ್ತದೆ. ಹಿಂಬದಿಯ ಜೋಡಿ ಸೋಫಾದ ಪಕ್ಕಕ್ಕೂ ಹಿಂದಕ್ಕೂ ನಡುವಿನ ಕೋನದಲ್ಲಿ, ಕಿವಿಗಿಂತ ತುಸು ಮೇಲೆ. ಐದು ಸ್ಪೀಕರ್, ಒಂದು ಸಬ್‌ವೂಫರ್. ನಿಮಗೆ ಬೇಕಾದದ್ದು 5.1.

ಅಂಗಡಿಗೆ ಹೋಗುವಾಗ ಅಮ್ಮನವರನ್ನು ಕರೆದುಕೊಂಡು ಹೋಗಿ. ಶೋರೂಮಿನವರು ‘ಕೆ.ಜಿ.ಎಫ್.’ನದೋ ‘ಕಾಂತಾರ’ದ ಕೊನೆಯದೋ ತುಣುಕು ಹಾಕಿ ಎದೆ ನಡುಗಿಸುತ್ತಾರೆ. ಅದನ್ನು ಕೇಳಿ ಖುಷಿಪಡಿ, ತೀರ್ಮಾನ ಮಾತ್ರ ಮಾಡಬೇಡಿ. ಮಂಡ್ಯದ ಹಳ್ಳಿಯೊಂದರಲ್ಲಿ ಊರ ಜನರನ್ನೇ ನಟರನ್ನಾಗಿಸಿ ತೆಗೆದ, 2016ರಲ್ಲಿ ತೆರೆಕಂಡ ‘ತಿಥಿ’ಯ ಒಂದು ಜಗಳದ ದೃಶ್ಯ ಹಾಕಿಸಿ. ಆ ವೇಗದ ಆಡುಮಾತು ಅಮ್ಮನವರಿಗೆ ಪ್ರಶ್ನೆಯಿಲ್ಲದೆ ಅರ್ಥವಾದರೆ ಸೆಂಟರ್ ಸ್ಪೀಕರ್ ಪಾಸಾದ ಹಾಗೆ. ಆಮೇಲೆ 1960ರ ದಶಕದ, ಪಿ.ಬಿ. ಶ್ರೀನಿವಾಸ್ ಹಾಡಿದ ಯಾವುದಾದರೂ ಹಾಡು. ಆ ಕಾಲದ ಚಿತ್ರಗೀತೆಗಳು ಬಹುತೇಕ ಮೊನೊ. ರಿಸೀವರನ್ನು ಸ್ಟೀರಿಯೊಗೆ ಇಟ್ಟು ಎಡಬಲ ಎರಡೇ ನುಡಿಸಿದಾಗ ದನಿ ಎರಡರ ನಟ್ಟನಡುವೆ, ಸ್ಪೀಕರೇ ಇಲ್ಲದ ಜಾಗದಲ್ಲಿ, ನಿಂತಿರಬೇಕು. ಮನೆಗೆ ತಂದ ಮೇಲೂ ಇದೇ ಪರೀಕ್ಷೆ ಮಾಡಿ. ದನಿ ಮೆಟ್ಟಿಲ ಕಡೆಗೆ ವಾಲಿದರೆ ಜೋಡಣೆ ಸರಿಯಿಲ್ಲವೆಂದು ಲೆಕ್ಕ.

ಮೂರನೆಯದು ಮೃದಂಗ. ಇದಕ್ಕೊಂದು ಕಾರಣವಿದೆ, ನಿಮ್ಮ ಪೂರ್ವ ಬೆಂಗಳೂರಿಗೇ ಸಂಬಂಧಪಟ್ಟದ್ದು. ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೋದರೆ ಸಿಗುವ ಬಡಾವಣೆಗೆ ಸಿ.ವಿ. ರಾಮನ್ ಹೆಸರು. ಅವರನ್ನು ನಾವು ಬೆಳಕಿನ ವಿಜ್ಞಾನಿ ಎಂದಷ್ಟೇ ನೆನೆಯುತ್ತೇವೆ. ನೊಬೆಲ್‌ಗೂ ಬಹಳ ಮುಂಚೆ ಅವರು ಪಿಟೀಲು, ವೀಣೆ, ಮೃದಂಗ, ತಬಲಾಗಳ ನಾದದ ಹಿಂದೆ ಬಿದ್ದವರು. ಚರ್ಮಕ್ಕೆ ಹಚ್ಚುವ ಆ ಕಪ್ಪು ಕರಣೆಯಿಂದ ಮೃದಂಗದ ಉಪಸ್ವರಗಳು ತಂತಿವಾದ್ಯದ ಹಾಗೆ ಶ್ರುತಿಬದ್ಧವಾಗುತ್ತವೆ ಎಂದು 1920ರಲ್ಲಿ ‘ನೇಚರ್’ನಲ್ಲಿ ಬರೆದರು. 1934ರಲ್ಲಿ ತಾವೇ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದರು.   ಪರೀಕ್ಷೆಗೆ ಬರೋಣ. ಒಳ್ಳೆಯ ತನಿ ಆವರ್ತನದ ಧ್ವನಿಮುದ್ರಣ ಹಾಕಿಸಿ. ಬಲಗೈ ಪೆಟ್ಟಿನಲ್ಲಿ ಶ್ರುತಿ ಸ್ಪಷ್ಟವಾಗಿ ಕೇಳಬೇಕು, ಎಡಗೈಯ ಗುಮ್ಕಿ ಎದ್ದು ಇಳಿದು ಮುಗಿಯಬೇಕು. ಗುಮ್ಕಿ ಮುಗಿಯದೆ ಮುಂದಿನ ಪೆಟ್ಟಿನ ಮೇಲೆ ಹೊರಳಿದರೆ ಬೇಸ್ ಕೆಸರಾಗಿದೆ. ಬಾಂಬ್ ಸಿಡಿತದಲ್ಲಿ ಈ ದೋಷ ಸಿಕ್ಕಿಬೀಳುವುದೇ ಇಲ್ಲ, ಬಾಂಬು ಹೇಗಿರಬೇಕೆಂದು ನಮಗ್ಯಾರಿಗೂ ಗೊತ್ತಿಲ್ಲವಲ್ಲ.

ಎರಡು ಜೋಡಿಯನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ. ಒಂದೇ ಡೆಸಿಬೆಲ್ ಜೋರಾದರೂ ಕಿವಿ ಅದಕ್ಕೇ ಮಾರ್ಕ್ಸ್ ಹಾಕಿಬಿಡುತ್ತದೆ.

ವ್ಯಾಟಿನ ಭ್ರಮೆಯೂ ಇಷ್ಟೇ. ನಮ್ಮ ಕಾಲದ ಟೇಪ್‌ರೆಕಾರ್ಡರ್ ಡಬ್ಬದ ಮೇಲೆ ಸಾವಿರಗಟ್ಟಲೆ ‘ಪಿ.ಎಂ.ಪಿ.ಒ.’ ಬರೆದಿರುತ್ತಿದ್ದರಲ್ಲ, ಅದರ ಮೊಮ್ಮಕ್ಕಳು ಇನ್ನೂ ಇದ್ದಾರೆ. 88 ಡೆಸಿಬೆಲ್ ಸಂವೇದನೆಯ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ ನಿಮ್ಮ ಸೋಫಾದಲ್ಲಿ ಹತ್ತಿರ ಹತ್ತಿರ 80 ಡೆಸಿಬೆಲ್ ಕೇಳುತ್ತದೆ. ಅದು ಮಾತಿಗಿಂತ ಬಹಳ ಜೋರು. 10 ವ್ಯಾಟಿಗೆ 90, 100 ವ್ಯಾಟಿಗೆ 100. ನೂರನ್ನು ಇನ್ನೂರು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ, ಬೆಲೆ ಮಾತ್ರ ಜಿಗಿಯುತ್ತದೆ. ರಿಸೀವರಿನ ಕಾಗದದಲ್ಲಿ ‘8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಒಟ್ಟಿಗೆ’ ಎಂದಿರುವ ಸಾಲನ್ನು ನಂಬಿ. ‘1 ಚಾನೆಲ್, 1 ಕಿಲೋಹರ್ಟ್ಸ್, 10% ಡಿಸ್ಟಾರ್ಷನ್’ ಎಂದಿರುವ ದೊಡ್ಡ ಅಂಕಿಯನ್ನು ಬಿಡಿ.

ಡೆನಾನೋ ಮರಾಂಟ್ಜೋ ಎಂದು ಕೇಳಿದ್ದೀರಿ. ಎರಡೂ 2002ರಿಂದ ಒಂದೇ ಕಂಪನಿಯಡಿ ಇವೆ. 2025ರಲ್ಲಿ ಬೋವರ್ಸ್ ಅಂಡ್ ವಿಲ್ಕಿನ್ಸ್, ಪೋಲ್ಕ್‌ಗಳ ಸಮೇತ ಹರ್ಮನ್ ತೆಕ್ಕೆಗೆ ಬಂದವು. ಜೆ.ಬಿ.ಎಲ್. ಅದಕ್ಕೂ ಬಹಳ ಮುಂಚಿನಿಂದಲೇ ಹರ್ಮನ್ನಿನದು, ಹರ್ಮನ್ 2017ರಿಂದ ಸ್ಯಾಮ್‌ಸಂಗ್‌ನದು. ಅಂಗಡಿಯಲ್ಲಿ ಎದುರುಬದುರು ನಿಲ್ಲಿಸಿ ಜಗಳ ಹಚ್ಚುವ ಹೆಸರುಗಳಲ್ಲಿ ಅರ್ಧಕ್ಕರ್ಧ ಒಂದೇ ಖಜಾನೆಯವು. ಹಾಗಾಗಿ ಬ್ರ್ಯಾಂಡಿಗಿಂತ ಎರಡು ಸಂಗತಿ ಕೇಳಿ. ಸರ್ವಿಸ್ ಬೆಂಗಳೂರಿನಲ್ಲೇ ಆಗುತ್ತದೆಯೇ? ಮೈಕ್ ಇಟ್ಟು ಕೋಣೆಯನ್ನು ಅಳೆದು ತಿದ್ದಿಕೊಳ್ಳುವ ಸೌಲಭ್ಯ (ಆಡಿಸ್ಸಿ, ಡೈರಾಕ್, ಯಮಾಹಾದ ವೈ.ಪಿ.ಎ.ಒ.) ಯಾವ ಮಟ್ಟದ್ದು? ನಿಮ್ಮ 47 ಹರ್ಟ್ಸ್ ಉಬ್ಬನ್ನು ತಗ್ಗಿಸುವುದು ಅದೇ. ಇ-ಆರ್ಕ್ (ಟಿ.ವಿ.ಯ ಶಬ್ದವನ್ನು ಎಚ್.ಡಿ.ಎಂ.ಐ. ತಂತಿಯಲ್ಲೇ ರಿಸೀವರಿಗೆ ಕಳಿಸುವ ಆರ್ಕ್ ವ್ಯವಸ್ಥೆಯ ಹೊಸ ರೂಪ) ಇಲ್ಲದ ಹಳೆಯ ಟಿ.ವಿ. ಬದಲಾಯಿಸಬೇಕೇ ಎಂದರೆ, ಬೇಡ. ನೀವು ನೋಡುವ ಒ.ಟಿ.ಟಿ. ಸಿನಿಮಾಗಳ ಶಬ್ದವನ್ನು ಮಾಮೂಲಿ ಆರ್ಕ್ ಕೂಡ ಹೊತ್ತು ತರುತ್ತದೆ. ಬ್ಲೂ-ರೇ ಪ್ಲೇಯರ್ ಇದ್ದರೆ ಅದನ್ನು ನೇರ ರಿಸೀವರಿಗೇ ಸಿಕ್ಕಿಸಿ.

ತಂತಿಗೆ ಶೋರೂಮಿನ ದುಬಾರಿ ಕೇಬಲ್ ಖಂಡಿತ ಬೇಡ. ಎಸ್.ಪಿ. ರಸ್ತೆಗೆ ಹೋಗಿ 14 ಗೇಜಿನ ಶುದ್ಧ ತಾಮ್ರದ ಸ್ಪೀಕರ್ ವಯರನ್ನು ಮೀಟರ್ ಲೆಕ್ಕದಲ್ಲಿ ತನ್ನಿ. ಬ್ಲೇಡಿನಿಂದ ಎಳೆಯೊಂದನ್ನು ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ವಾಪಸ್ ಕೊಡಿ. ಅದಕ್ಕೂ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಸ್ಪೀಕರಿನಲ್ಲಿ ಸದಾ ‘ಹುಂ’ ಎನ್ನುವ 50 ಹರ್ಟ್ಸ್ ಗುಂಯಿಗುಡುವಿಕೆಗೆ ಬಹಳ ಸಲ ಅದೇ ಕಾರಣ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಯಾವ ಸ್ಪೈಕ್ ಗಾರ್ಡ್‌ಗಿಂತಲೂ ಅದು ಮೇಲು.

ನೆರೆಮನೆಯವರ ವಿಷಯ ನೀವು ಬರೆದಿಲ್ಲ, ನಾನು ಬರೆಯುತ್ತೇನೆ. ಹಂಚಿಕೊಂಡ ಗೋಡೆಗೆ ಸಬ್‌ವೂಫರ್ ಆನಿಸಬೇಡಿ, ಕೆಳಗೆ ದಪ್ಪ ಫೋಮ್ ಮೆತ್ತೆ ಹಾಕಿ. ಇಟ್ಟಿಗೆ ಗೋಡೆ ಮಾತನ್ನು ತಡೆಯುತ್ತದೆ, ಬೇಸನ್ನು ಅಷ್ಟಾಗಿ ತಡೆಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಖಾಸಗಿ ಜಾಗದ ಧ್ವನಿವ್ಯವಸ್ಥೆಯ ಸದ್ದು ಅದರ ಎಲ್ಲೆಯಲ್ಲಿ ಈ ಮಿತಿಯನ್ನು 5ಕ್ಕಿಂತ ಹೆಚ್ಚು ಮೀರುವಂತಿಲ್ಲ. ಸೋಮೇಶ್ವರನ ಪಲ್ಲಕ್ಕಿಯ ರಾತ್ರಿ ಇಡೀ ಹಲಸೂರೇ ಎದ್ದಿರುತ್ತದೆ ನಿಜ, ಆದರೆ ಅದು ವರ್ಷಕ್ಕೊಂದು ಸಲ. ಉಳಿದ ರಾತ್ರಿ ರಿಸೀವರಿನ ನೈಟ್ ಮೋಡ್ ಹಾಕಿ. ಸಿಡಿತ ತಗ್ಗುತ್ತದೆ, ಪಿಸುಮಾತು ಏರುತ್ತದೆ. ಅಮ್ಮನವರಿಗೆ ಹಗಲಲ್ಲೂ ಅದೇ ಹಿತವಾದೀತು.

ನೀವು ತೆಗೆದಿಟ್ಟಿರುವ ಮೂರು ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತೇನೆ: ಮುಂದಿನ ಮೂರು ಸ್ಪೀಕರಿಗೆ ಒಂದೂಕಾಲು ಲಕ್ಷ, ರಿಸೀವರಿಗೆ 70 ಸಾವಿರ, ಸಬ್‌ವೂಫರಿಗೆ 50 ಸಾವಿರ, ಹಿಂಬದಿಯ ಜೋಡಿಗೆ 30 ಸಾವಿರ. ಮಿಕ್ಕ 25 ಸಾವಿರ ಪರದೆ, ಫೆಲ್ಟ್, ತಂತಿ, ಎಲೆಕ್ಟ್ರಿಷಿಯನ್ನಿಗೆ. ಈ ಕೊನೆಯ ಬಾಬ್ತನ್ನು ಮೊದಲು ಖರ್ಚು ಮಾಡಿ.

ಒಂದು ಕೆಲಸ ಮಾಡಿ. ಬಾಗಿಲು, ಕಿಟಕಿ, ಮೆಟ್ಟಿಲು, ಸಾಕೆಟ್ ಎಲ್ಲೆಲ್ಲಿವೆ ಎಂದು ಗುರುತು ಹಾಕಿ ನಡುಮನೆಯ ಒಂದು ನಕ್ಷೆ ಬರೆದು ಕಳಿಸಿ. ಹಂಚಿಕೊಂಡ ಗೋಡೆ ಯಾವುದೆಂದು ಮರೆಯದೆ ತೋರಿಸಿ. ಅದು ನನ್ನ ಕೈಸೇರುವ ತನಕ ಯಾವ ಅಂಗಡಿಗೂ ಅಡ್ವಾನ್ಸ್ ಕೊಡಬೇಡಿ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ವಿಶ್ವಾಸಿ